ಗೂಡಿನ ಬಟ್ಟೆ ಹಾಸಿದ ಹುಲ್ಲು: ಅಂಕಯ್ಯನವರ ಉದ್ಯಾನ ಸೇವೆ

ಉದ್ಯಾನಗಳ ಚರಿತ್ರೆ ಬರೆಯುವವರು ಅವನ್ನು ಕಟ್ಟಿಸಿದ ಅರಸರನ್ನೂ, ದೂರದೇಶದಿಂದ ಸಸಿ ತರಿಸಿದ ತಜ್ಞರನ್ನೂ ತಪ್ಪದೆ ನೆನೆಯುತ್ತಾರೆ. ಆ ಸಸಿಗೆ ಮೂವತ್ತು ವರ್ಷ ನೀರು ಹೊತ್ತವರ ಹೆಸರು ಅಲ್ಲಿ ಬರುವುದು ಅಪರೂಪ. ರಾಮನಗರದ ನಮ್ಮ ಕೆಳಪೇಟೆ ಉದ್ಯಾನದ ಮೇಸ್ತ್ರಿಗಳಾದ ಶ್ರೀ ಅಂಕಯ್ಯನವರು ನೀರು ಹೊತ್ತವರ ಸಾಲಿಗೆ ಸೇರಿದವರು. ಅವರ ನಿವೃತ್ತಿಯ ಸಂದರ್ಭದಲ್ಲಿ ಗ್ರಂಥವೊಂದನ್ನು ಅರ್ಪಿಸಬೇಕೆಂದು ಊರಿನ ಕೆಲವರು ಹೊರಟಾಗ, ಮಾಲಿಗೂ ಒಂದು ಗ್ರಂಥವೇ ಎಂದು ನಕ್ಕವರೂ ಇದ್ದರು. ಅದೇ ಉದ್ಯಾನದ ಕಚೇರಿಯಲ್ಲಿ ಗುಮಾಸ್ತನಾಗಿ ಅವರೊಡನೆ ಇಪ್ಪತ್ತೆಂಟು ವರ್ಷ ಕಳೆದ ನನಗೆ ಆ ನಗೆಯಲ್ಲಿ ಪಾಲುಗೊಳ್ಳುವ ಮನಸ್ಸಾಗಲಿಲ್ಲ.

ಮಾಗಡಿ ಕಡೆಯ ರಾಗಿ ಹೊಲದ ಮನೆತನದಿಂದ ಬಂದ ಅಂಕಯ್ಯನವರು ೧೯೭೯ರಲ್ಲಿ ದಿನಗೂಲಿಯ ಮೇಲೆ ಸೇರಿದಾಗ ಉದ್ಯಾನವೆಂದರೆ ಮೂರು ಎಕರೆ ಕಳೆ, ಎರಡು ಮಳೆಮರ, ನೀರು ಚಿಮ್ಮದ ಒಂದು ಕಾರಂಜಿ. ಏಳೆಂಟು ವರ್ಷಗಳಲ್ಲಿ ಅಲ್ಲಿ ಹುಲ್ಲುಹಾಸು ಬಂತು, ಸಾಲು ಸಂಪಿಗೆ ಬಂತು, ಮಕ್ಕಳಿಗೆ ಕೈಗೆಟಕುವಷ್ಟು ಕೆಳಗೆ ಒಂದು ನಲ್ಲಿಯೂ ಬಂತು. ಭಾನುವಾರ ಪೇಟೆಯ ಸಂಸಾರಗಳು ಬಂದು ಪುರಿ ತಿಂದು ಹೋಗುತ್ತಿದ್ದವು. ಆದರೆ ಉದ್ಯಾನ ನಿಜವಾಗಿ ತುಂಬುತ್ತಿದ್ದುದು ಹಳ್ಳಿಯವರು ರೇಷ್ಮೆಗೂಡು ಮಾರಲು ಬರುತ್ತಿದ್ದ ದಿನಗಳಲ್ಲಿ.

ಹುಳು ಸೊಪ್ಪು ತಿನ್ನುವಷ್ಟು ಕಾಲ ಆ ಮನೆಯವರು ಒಟ್ಟಾಗಿ ಹೊಸಿಲು ದಾಟುವಂತಿಲ್ಲ. ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿದ ದಿನವೇ ಅವರ ಹಬ್ಬ, ಅವರ ಪ್ರವಾಸ. ಹರಾಜು ಮುಗಿದ ಮೇಲೆ ಮುದುಕರು, ಬಾಣಂತಿಯರು, ಕಂಕುಳ ಕೂಸುಗಳು ಎಲ್ಲರೂ ಉದ್ಯಾನಕ್ಕೆ ಬಂದು, ಗೂಡು ಕಟ್ಟಿ ತಂದ ಅಗಲವಾದ ಬಟ್ಟೆಯನ್ನೇ ಹುಲ್ಲಿನ ಮೇಲೆ ಹಾಸಿ, ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಚಿತ್ರಾನ್ನದ ಬುತ್ತಿ ಬಿಚ್ಚುತ್ತಿದ್ದರು. ಹುಲ್ಲಿನ ಮೇಲೆ ಕೂರಬಾರದೆಂಬ ಇಲಾಖೆಯ ಫಲಕವೊಂದು ಅಲ್ಲಿತ್ತು. ಮಾರುಕಟ್ಟೆಯ ದಿನ ಅದರ ಮೇಲೆ ಅಂಕಯ್ಯನವರ ಅಂಗಿ ತೂಗುತ್ತಿತ್ತು. ಮೇಲಧಿಕಾರಿಗಳೊಬ್ಬರು ಫಲಕವೆಲ್ಲಿ ಎಂದು ಕೇಳಿದಾಗ, "ಅದ್ರ ಮ್ಯಾಲೆ ಒಸಿ ಅಂಗಿ ಒಣಗ್ತಾ ಐತೆ ಸಾರ್, ಒಣಗ್ಲಿ," ಎಂದು ಅವರು ತಣ್ಣಗೆ ಉತ್ತರಿಸಿದ್ದನ್ನು ನಾನು ಕೇಳಿದ್ದೇನೆ.

ಹೀಗೆ ಬರುತ್ತಿದ್ದವರಲ್ಲಿ ಬೈರಮಂಗಲದ ಆಚೆಯ ಹಳ್ಳಿಯೊಂದರ ಅಣ್ಣತಮ್ಮಂದಿರ ಎರಡು ಸಂಸಾರಗಳಿದ್ದವು. ತಮ್ಮ ಮುನಿಶಾಮಯ್ಯ, ಹೆಂಡತಿ ಚಿನ್ನಮ್ಮ ರೇಷ್ಮೆ ಸಾಕುತ್ತಿದ್ದರು. ಅಣ್ಣ ದೊಡ್ಡಹನುಮಯ್ಯ ಪಕ್ಕದ ಹೊಲದಲ್ಲಿ ಟೊಮೊಟೊ ಬೆಳೆಯುತ್ತಿದ್ದ. ಗೂಡು ತಮ್ಮನದಾದರೂ ಬಿಡುವು ಇಬ್ಬರದೂ ಎಂಬಂತೆ ಹನ್ನೊಂದು ಜನ ಒಟ್ಟಿಗೇ ಬರುತ್ತಿದ್ದರು.

೧೯೮೮ರ ಒಂದು ಸೋಮವಾರ ಸಂಜೆ ಅಂಕಯ್ಯನವರು ಹುಲ್ಲಿಗೆ ಬಿದ್ದ ಹುಳುವಿಗೆ ಔಷಧಿ ಸಿಂಪಡಿಸಿದರು. ಸಿಂಪಡಿಸಿದ ಮಾರನೆಯ ದಿನ ಬಾಗಿಲಿಗೆ ಬೀಗ ಹಾಕಿರಬೇಕೆಂಬುದು ನಿಯಮ, ಹಾಕಿಯೂ ಇದ್ದರು. ಅಂದೇ ಆ ಹನ್ನೊಂದು ಜನ ಬಿಸಿಲಿನಲ್ಲಿ ಬಂದು ಬಾಗಿಲ ಮುಂದೆ ನಿಂತರು. ಚಿನ್ನಮ್ಮನ ಬಾಯಿ ದೊಡ್ಡದು. "ವರ್ಸಕ್ಕೆ ಐದ್ ದಿನ ಬಿಡುವು ನಮ್ಗೆ. ಇವತ್ತೇ ಬೀಗ ಜಡ್ಕೊಂಡ್ ಕುಂತಿದ್ದೀಯಲ್ಲ ಅಂಕಯ್ಯ, ಒಳಗೇನ್ ನಿಮ್ಮಪ್ಪನ ಗಂಟು ಐತಾ?" ಎಂದಳು. ಅವರು ಸೋತು ಬೀಗ ತೆಗೆದರು. ಗಿಡ ಮುಟ್ಟಬೇಡಿ, ಉಣ್ಣುವ ಮುಂಚೆ ಕೈ ತೊಳೆಯಿರಿ ಎಂದು ಮಕ್ಕಳಿಗೆ ಎರಡೆರಡು ಸಲ ಹೇಳಿದರು. ಕೆಳಗೆ ಹಾಸಿದ ಬಟ್ಟೆಯ ಯೋಚನೆ ಯಾರಿಗೂ ಬರಲಿಲ್ಲ.

ಎರಡು ತಿಂಗಳ ಮೇಲೆ ಮುಂದಿನ ಬೆಳೆಯ ಗೂಡು ಮಾರಿ ಮುನಿಶಾಮಯ್ಯ ಒಬ್ಬನೇ ಬಂದು ಮಳೆಮರದ ಕೆಳಗೆ ಕೂತ. ಉಳಿದವರೆಲ್ಲಿ ಎಂದು ವಿಚಾರಿಸಿದರೆ, ಅಣ್ಣನ ಮನೆಯೊಂದಿಗೆ ಮಾತಿಲ್ಲವೆಂದ. ಹೋದ ಸಲ, ಪೊರೆ ಬಿಡಲು ಸೊಪ್ಪು ತಿನ್ನದೆ ಕೂತಿದ್ದವೆಂದು ಮನೆಯಲ್ಲಿ ಬಿಟ್ಟು ಬಂದಿದ್ದ ಎರಡನೆಯ ತಂಡದ ಮರಿಹುಳು ಎರಡೇ ದಿನದಲ್ಲಿ ಹಸಿರು ಕಾರಿಕೊಂಡು ಸತ್ತಿದ್ದವು. ವಿಷ ತಗುಲಿದೆಯೆಂದು ತಿಳಿದವರು ಹೇಳಿದ್ದರು. ಟೊಮೊಟೊಗೆ ಔಷಧಿ ಹೊಡೆಯುವವನು ಅಣ್ಣನೊಬ್ಬನೇ. ಅಂಕಯ್ಯನವರು ಕೈಯಲ್ಲಿದ್ದ ಕುಡುಗೋಲನ್ನು ಕೆಳಗಿಟ್ಟು, ಆ ಹುಳುವಿಗೆ ಸೊಪ್ಪನ್ನು ಯಾವುದರಲ್ಲಿ ಹೊತ್ತು ತಂದಿರೆಂದು ಮಾತ್ರ ಕೇಳಿದರು. ಮುನಿಶಾಮಯ್ಯ ತಾನು ಕೂತಿದ್ದ ಬಟ್ಟೆಯನ್ನೇ ತೋರಿಸಿದ.

ಅಂಕಯ್ಯನವರು ನೇರವಾಗಿ ನನ್ನ ಮೇಜಿನ ಬಳಿ ಬಂದು ನಡೆದದ್ದನ್ನು ಹೇಳಿದರು. ನಾನು, ಈಗ ಹೇಳಲು ಸಂಕೋಚವಾದರೂ, ಸುಮ್ಮನಿರಿ ಎಂದೇ ಬುದ್ಧಿ ಹೇಳಿದೆ. ದಿನಗೂಲಿಯವರನ್ನು ಕಾಯಂ ಮಾಡುವ ಪಟ್ಟಿ ಅದೇ ವಾರ ಮೇಲಕ್ಕೆ ಹೋಗುವುದಿತ್ತು. ಅದರಲ್ಲಿ ಅವರದು ಮೂರನೆಯ ಹೆಸರು. ನಿಯಮ ಮೀರಿ ಬೀಗ ತೆಗೆದದ್ದನ್ನು ಒಪ್ಪಿಕೊಂಡರೆ ಆ ಹೆಸರು ಉಳಿಯುತ್ತಿರಲಿಲ್ಲ. ಅದಕ್ಕೆ ಅವರು, "ನಾನು ಬಾಯ್ ಮುಚ್ಕೊಂಡ್ರೆ ಕಾಯಂ ಆಯ್ತೀನಿ ಸ್ವಾಮಿ. ಅವ್ರ ಜಗ್ಳಾನೂ ಕಾಯಂ ಆಯ್ತದೆ," ಎಂದರು.

ಆ ಭಾನುವಾರ ನಾವಿಬ್ಬರೂ ಬಿಡದಿಯಲ್ಲಿ ಬಸ್ಸು ಬದಲಿಸಿ ಆ ಹಳ್ಳಿಗೆ ಹೋದೆವು. ಅಣ್ಣತಮ್ಮಂದಿರಿಬ್ಬರನ್ನೂ ಒಂದೇ ಜಗಲಿಗೆ ಕರೆಸಲು ಊರ ಹಿರಿಯರೊಬ್ಬರ ಕಾಲು ಹಿಡಿಯಬೇಕಾಯಿತು. ಅಂಕಯ್ಯನವರು ನಿಂತೇ ಹೇಳಿದರು: "ಹುಳ ಸತ್ತಿದ್ದು ನನ್ ಔಷ್ದಿಗೆ ಕಣಣ್ಣ. ಹುಲ್ಲಿಗೆ ಹೊಡ್ದಿದ್ದೆ. ಬೀಗ ತೆಗೀಬಾರ್ದಿತ್ತು, ತೆಗ್ದೆ. ನಿಮ್ಮಣ್ಣಂದೇನೂ ಇಲ್ಲ."

ಮುನಿಶಾಮಯ್ಯ ತಲೆ ಎತ್ತಲಿಲ್ಲ. ದೊಡ್ಡಹನುಮಯ್ಯ, "ಆ ವಾರ ನಾನ್ ಡಬ್ಬಾನೇ ಮುಟ್ಟಿಲ್ಲ ಕಣ್ಲಾ ಅಂತ ಬಡ್ಕೊಂಡೆ. ಒಡಹುಟ್ಟಿದೋನು ನಂಬ್ಲಿಲ್ಲ, ಪಾರ್ಕ್‌ನೋನು ಬಂದ್ ಹೇಳ್ಬೇಕಾಯ್ತು," ಎಂದು ತಮ್ಮನಿಗಲ್ಲ, ಗೋಡೆಗೆ ಹೇಳುವವನಂತೆ ಹೇಳಿದ. ಒಳಗೆ ಹೋಗಿದ್ದ ಚಿನ್ನಮ್ಮ ಪೊರಕೆ ತರುವಳೆಂದೇ ನಾನು ಹೆದರಿದ್ದೆ. ಅವಳು ಎರಡು ಲೋಟ ಮಜ್ಜಿಗೆ ತಂದಳು. ಒಂದನ್ನು ಭಾವನ ಮುಂದೆ, ಇನ್ನೊಂದನ್ನು ಅಂಕಯ್ಯನವರ ಮುಂದೆ ಇಟ್ಟು, "ಬೀಗ ತೆಗ್ಸಿದೋಳು ನಾನೇ ಅಲ್ವಾ," ಎಂದಳು.

ಹಿಂದಿರುಗಿದ ಮೇಲೆ ಅವರು ಆ ತಪ್ಪನ್ನು ನನ್ನ ಕೈಯಲ್ಲೇ ಬರೆಸಿ ಹೆಬ್ಬೆಟ್ಟೊತ್ತಿದರು. ಬಾಯಿಮಾತು ಹಳ್ಳಿಗೆ ಸಾಕು, ನಾಳೆ ಬರುವ ಮಾಲಿಗೆ ಕಾಗದವೇ ಬೇಕು ಎಂಬುದು ಅವರ ನಿಲುವು. ಪಟ್ಟಿಯಿಂದ ಹೆಸರು ಹೋಯಿತು. ಕಾಯಂ ಆದದ್ದು ಐದು ವರ್ಷಗಳ ನಂತರ. ಆ ಐದು ವರ್ಷ ಅವರು ಮುಖ ಕೆಡಿಸಿಕೊಂಡದ್ದನ್ನು ನಾನು ಕಾಣೆ. ಹುಲ್ಲಿಗೆ ವಿಷ ಹಾಕುವುದನ್ನು ಅಂದೇ ಬಿಟ್ಟರು. ಬೇವಿನ ಬೀಜ ಕುಟ್ಟಿ ನೆನೆಹಾಕಿದ ನೀರು, ಅದಕ್ಕೂ ಬಗ್ಗದಿದ್ದರೆ ಬೆಳಗಿನ ಜಾವ ಕೂತು ಕೈಯಲ್ಲೇ ಆರಿಸುವುದು. ಉದ್ಯಾನದ ಸ್ಪರ್ಧೆಗಳಲ್ಲಿ ನಮಗೆ ಬಹುಮಾನ ಬರಲಿಲ್ಲ. ಹುಲ್ಲು ಅಲ್ಲಲ್ಲಿ ಬೋಳಾಗಿಯೇ ಇರುತ್ತಿತ್ತು. ಆ ಬೋಳಿನ ಪಕ್ಕದಲ್ಲಿ ಆ ಹನ್ನೊಂದು ಜನ, ಆಮೇಲೆ ಹದಿನೈದು, ಸೊಸೆಯರು ಮೊಮ್ಮಕ್ಕಳು ಸೇರಿ ಇಪ್ಪತ್ತರ ಮೇಲೆ, ಎರಡು ಮನೆಯ ಬುತ್ತಿಯನ್ನು ಒಂದೇ ಬಟ್ಟೆಯ ಮೇಲೆ ಬಿಚ್ಚುವುದನ್ನು ಇಪ್ಪತ್ತಾರು ವರ್ಷ ಕಂಡಿದ್ದೇನೆ.

ಈ ಗ್ರಂಥವನ್ನು ಅರ್ಪಿಸುವ ಸಮಾರಂಭದ ಆಹ್ವಾನ ಕೊಡಲು ಕಳೆದ ವಾರ ಆ ಹಳ್ಳಿಗೆ ಹೋಗಿದ್ದೆ. ಹಾರ, ಶಾಲು, ಭಾಷಣದ ವಿವರಗಳನ್ನೆಲ್ಲ ಚಿನ್ನಮ್ಮ ಕೇಳಿಸಿಕೊಂಡಳು. ಆಮೇಲೆ, "ಶಾಲು ನೀವ್ ಹೊದಿಸ್ಕೊಳಿ. ಊಟ ನಾವ್ ತತ್ತೀವಿ. ಎಷ್ಟ್ ವರ್ಸ ಆಯ್ತು, ಕೊಟ್ಟಿದ್ದುನ್ನ ನಿಂತ್ಕಂಡೇ ತಿಂದ್ನಲ್ಲ ಆವಯ್ಯ, ಅವತ್ತಾದ್ರೂ ನಮ್ಮ ಜತೆ ಕುಂತ್ಕಂಡು ಉಣ್ಲಿ," ಎಂದಳು.

ಅಂಕಯ್ಯನವರಿಗೆ ಭಗವಂತನು ನೂರು ವರ್ಷದ ಆಯಸ್ಸನ್ನೂ, ಬಗ್ಗಿ ಕಳೆ ಕೀಳುವ ಸೊಂಟವನ್ನೂ ಕರುಣಿಸಲಿ. ಹೊಸ ಮಾಲಿಗಳಿಗೆ ಅವರ ಬೇವಿನ ಪಾಠ ನಿಲ್ಲದಿರಲಿ. ಇಷ್ಟನ್ನು ಹಾರೈಸಿ ಮುಗಿಸುತ್ತೇನೆ. ಸಭೆ ಮುಗಿದ ಮೇಲೆ ಅವರಿಗೆ ಬೇರೆಡೆ ಕೂರಲು ಜಾಗ ಕಾದಿದೆ.