ತೊಂಬತ್ತು ಸೆಕೆಂಡಿನ ಸೋಬಾನೆ

ಧ್ವನಿಮುದ್ರಣ ನಲವತ್ತೊಂದು ನಿಮಿಷದ್ದು. ಇಲಾಖೆಯ ಸುತ್ತೋಲೆ ಕೇಳಿದ್ದು ಹತ್ತು ಸ್ಲೈಡು, ಅದರೊಳಗೆ ತೊಂಬತ್ತು ಸೆಕೆಂಡು ಮೀರದ ಒಂದು ಆಡಿಯೊ, ಎಲ್ಲ ಸೇರಿ ಐದು ಎಂಬಿಯೊಳಗೆ. ಹಾಡಿದವಳು ನನ್ನ ಚಿಕ್ಕಮ್ಮ. ನಲವತ್ತೊಂದು ನಿಮಿಷವನ್ನು ಒಂದೂವರೆ ನಿಮಿಷಕ್ಕೆ ಇಳಿಸಿದವನು ನಾನು. ಇದರಲ್ಲಿ ಬೇರೆ ಯಾರ ಕೈವಾಡವೂ ಇಲ್ಲ. ಹಾಗಾಗಿ ನಡೆದದ್ದನ್ನು ಬರೆದಿಡಬೇಕಾದವನೂ ನಾನೇ.

ಪಾಂಡವಪುರದಲ್ಲಿ ಕೂತು ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಸೇರಿ ನಾಲ್ಕು ತಾಲ್ಲೂಕಿನ ಸುದ್ದಿ ಕಳಿಸುವುದು ನನ್ನ ಕೆಲಸ. ಪತ್ರಿಕೆ ಜಾಲತಾಣ ಶುರು ಮಾಡಿದ ಮೇಲೆ ಸುದ್ದಿಯ ಜೊತೆಗೆ ಧ್ವನಿಯನ್ನೂ ಕೇಳತೊಡಗಿತು. ಆಗ ಕಲಿತದ್ದು ಈ ಕಸುಬು. ಫೋನು ಧ್ವನಿಯನ್ನು ತನ್ನದೇ ಬಗೆಯ ಫೈಲಿನಲ್ಲಿ ಹಿಡಿದಿಡುತ್ತದೆ. ಕಚೇರಿಗಳ ಹಳೆಯ ಕಂಪ್ಯೂಟರು ಅದನ್ನು ಗುರುತಿಸುವುದಿಲ್ಲ. ಅದನ್ನು ಎಂಪಿ3ಗೆ ಬದಲಿಸಬೇಕು, ತೂಕ ಇಳಿಸಬೇಕು, ಬೇಡದ್ದನ್ನು ಕತ್ತರಿಸಿ ಸ್ಲೈಡಿನೊಳಗೆ ಕೂರಿಸಬೇಕು. ಸುದ್ದಿ ಹರಡಿ ಶಾಲೆಯ ಮೇಷ್ಟ್ರುಗಳು, ಹಾಲಿನ ಸಂಘದವರು, ಬೀಜದಂಗಡಿಯವರು ಪೆನ್‌ಡ್ರೈವ್ ಹಿಡಿದು ಬರತೊಡಗಿದರು. ನಾಗಮಂಗಲದ ಒಬ್ಬ ಮೇಷ್ಟ್ರು ತಾವೇ ಸ್ಲೈಡು ಮಾಡಿಕೊಂಡು ತರಬೇತಿಗೆ ಹೋಗಿದ್ದರು. ಹಾಡಿನ ಫೈಲು ಮನೆಯ ಕಂಪ್ಯೂಟರಿನಲ್ಲೇ ಉಳಿದು, ಅಲ್ಲಿ ಪರದೆಯ ಮೇಲೆ ಬರೀ ಸ್ಪೀಕರಿನ ಚಿತ್ರ ಬಂತಂತೆ. ಕೊನೆಗೆ ಅವರೇ ಎದ್ದುನಿಂತು ಮಕ್ಕಳ ಪದ್ಯ ಹಾಡಿದರಂತೆ. ಅದನ್ನು ಹೇಳಿಕೊಂಡು ನಾನು ಎಷ್ಟೋ ಸಲ ನಕ್ಕಿದ್ದೇನೆ.

ಚಿಕ್ಕಮ್ಮ ಇರುವುದು ಸಂತೆಬಾಚಹಳ್ಳಿಯ ಹತ್ತಿರದ ಹಳ್ಳಿಯಲ್ಲಿ. ಎರಡು ಹಸು, ಒಂದಿಷ್ಟು ಗದ್ದೆ, ಬೆಳಿಗ್ಗೆ ಸಂಜೆ ಡೇರಿಗೆ ಹಾಲು. ಸುತ್ತಲಿನ ಊರುಗಳಲ್ಲಿ ಅವಳನ್ನು ಜನ ಗುರುತಿಸುವುದು ಇದರಿಂದಲ್ಲ. ಮದುವೆಯ ಅರಿಶಿನದಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ ಯಾವ ಶಾಸ್ತ್ರಕ್ಕೆ ಯಾವ ಪದ ಎಂಬುದು ಅವಳಿಗೆ ಗೊತ್ತು. ಅಕ್ಕಿಹೆಬ್ಬಾಳಿನ ಕಡೆಯಿಂದಲೂ ಕರೆ ಬರುತ್ತಿತ್ತು. ಮದುವೆ ಗೊತ್ತಾದ ಮನೆಯವರು ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ಅವಳಿಗೆ ಹೇಳಿಹೋಗುತ್ತಿದ್ದರು.

ಆ ಭಾಗದಲ್ಲಿ ಸೋಬಾನೆ ಹೇಳುವುದಕ್ಕೆ ಒಂದು ಕ್ರಮವಿದೆ. ಒಬ್ಬಳು ಸಾಲನ್ನು ಹೇಳಿಕೊಡುತ್ತಾಳೆ, ಉಳಿದವರು ಅದೇ ಸಾಲನ್ನು ಎತ್ತಿ ಹಾಡುತ್ತಾರೆ. ಅದಕ್ಕೆ ಸೊಲ್ಲೆತ್ತುವುದು ಎನ್ನುತ್ತಾರೆ. ಹೇಳಿಕೊಡುವವಳು ದನಿ ಏರಿಸುವುದಿಲ್ಲ. ತಲೆ ತಗ್ಗಿಸಿ, ಸೆರಗನ್ನು ಬಾಯಿಯ ಹತ್ತಿರ ಹಿಡಿದು, ಪಕ್ಕದವರಿಗೆ ಕೇಳುವಷ್ಟು ಹೇಳುತ್ತಾಳೆ. ಚಪ್ಪರದಾಚೆಗೆ ಕೇಳಿಸುವುದು ಸೊಲ್ಲೆತ್ತುವವರ ದನಿ. ಹಾಡಿನ ಯಜಮಾನಿ ಯಾರೆಂಬುದು ಒಳಗೆ ಕೂತವರಿಗೆ ಮಾತ್ರ ತಿಳಿಯುತ್ತದೆ. ಚಿಕ್ಕಮ್ಮನ ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿ ದನಿ ಪಕ್ಕದ ಮನೆಯವಳದ್ದು. ಇಬ್ಬರೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು.

ಕಲಾವಿದರಿಗೆ ಮಾಸಾಶನ ಕೊಡುವ ಸುತ್ತೋಲೆ ಪಂಚಾಯಿತಿಗೆ ಬಂದದ್ದನ್ನು ಚಿಕ್ಕಮ್ಮನಿಗೆ ತಿಳಿಸಿದವನು ನಾನು. ದುಡ್ಡಿನ ಮಾತು ಅವಳು ಎತ್ತಲಿಲ್ಲ. ಹೆಸರು ಬರೆದು ಸೀಲು ಹಾಕಿದ ಗುರುತಿನ ಚೀಟಿ ಕೊಡುತ್ತಾರಾ ಎಂದು ಎರಡು ಸಲ ಕೇಳಿದಳು. ಕೊಡುತ್ತಾರೆ ಎಂದೆ. ಅಷ್ಟು ವರ್ಷ ಊರೂರಿಗೆ ಹೋಗಿ ಹಾಡಿದವಳ ಹತ್ತಿರ ಹಾಡುಗಾರ್ತಿ ಎಂದು ಬರೆದ ಒಂದು ಕಾಗದವೂ ಇರಲಿಲ್ಲ. ಅದು ಬೇಕು ಎಂದು ಅವಳು ಬಾಯಿಬಿಟ್ಟು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು ಅಂದು. ಪಕ್ಕದ ಮನೆಯವಳಿಗೂ ಅರ್ಜಿ ಹಾಕು ಎಂದು ಅವಳೇ ಹೇಳಿದಳು. ಆಕೆಯ ಸ್ಲೈಡುಗಳನ್ನು ಬೆಳಗೊಳದಲ್ಲಿದ್ದ ಅಳಿಯ ಮಾಡಿಕೊಟ್ಟ.

ಧ್ವನಿಮುದ್ರಣ ನಡೆದದ್ದು ಚಿಕ್ಕಮ್ಮನ ಜಗಲಿಯ ಮೇಲೆ, ಮಧ್ಯಾಹ್ನ. ಚಿಕ್ಕಮ್ಮ ಸೇರಿ ನಾಲ್ವರು ಹೆಂಗಸರು ಎಲೆಅಡಿಕೆ ತಟ್ಟೆ ಇಟ್ಟುಕೊಂಡು ಕೂತರು.

"ಪೇಪರ್ನೋನು ಬಂದವ್ನೆ, ಬಾಯಿ ಒರೆಸ್ಕಳ್ರೇ," ಎಂದಳು ಒಬ್ಬಳು.

"ಅವ್ನು ಬಾಯಿ ಫೋಟ ತೆಗೆಯಕ್ಕಾ ಬಂದಿರೋದು? ದನಿ ಇಡ್ಕಳಕ್ಕೆ ಕಣೆ," ಎಂದಳು ಪಕ್ಕದ ಮನೆಯವಳು.

"ನಿನ್ ದನಿ ಇಡ್ಕಂಡ್ರೆ ಆ ಡಬ್ಬಿ ಒಡ್ದೋಯ್ತದೆ."

ಅವರ ನಗು ನಿಂತ ಮೇಲೆ, ಅರ್ಜಿ ನಿನ್ನೊಬ್ಬಳದು, ಒಂದು ಪದ ನೀನೊಬ್ಬಳೇ ಹೇಳು ಎಂದು ಚಿಕ್ಕಮ್ಮನನ್ನು ಕೇಳಿದೆ. ಅವಳು ನನ್ನನ್ನು ಏನೂ ತಿಳಿಯದವನಂತೆ ನೋಡಿದಳು.

"ಸೋಬಾನೆನ ಒಬ್ಳೇ ಯೋಳ್ತಾರೇನ್ಲಾ? ಸಾವಿನ ಮನೇಲಿ ಕಣ್ಲಾ ಒಬ್ಳೇ ಯೋಳೋದು."

ಅದು ನಿಜ. ಹೆಣದ ಮುಂದೆ ಕೂತು ಹೆಂಗಸು ಒಬ್ಬಳೇ ಹಾಡಿಕೊಂಡು ಅಳುತ್ತಾಳೆ. ಮದುವೆಯ ಪದಕ್ಕೆ ಸೊಲ್ಲೆತ್ತುವವರು ಇರಲೇಬೇಕು, ಇಲ್ಲದಿದ್ದರೆ ಅಶುಭ. ಆ ಸೀಮೆಯಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿರಬೇಕಿತ್ತು. ನಾಲ್ವರೂ ಸೇರಿ ನಲವತ್ತೊಂದು ನಿಮಿಷ ಹಾಡಿದರು.

ಕತ್ತರಿಸಲು ಕೂತಾಗ ಪರದೆಯ ಮೇಲೆ ಧ್ವನಿ ಗೆರೆಗಳಾಗಿ ಮೂಡಿತು. ಸೊಲ್ಲೆತ್ತಿದ ಕಡೆ ಆಳೆತ್ತರದ ಗೆರೆ, ಚಿಕ್ಕಮ್ಮ ಹೇಳಿಕೊಟ್ಟ ಕಡೆ ನೆಲಕ್ಕಂಟಿದ ಗರಿಕೆಯಂಥದ್ದು. ಚೆನ್ನಾಗಿ ಬಂದ ನಾಲ್ಕು ನಿಮಿಷ ಆರಿಸಿದೆ. ಅದನ್ನು ತೊಂಬತ್ತು ಸೆಕೆಂಡಿಗೆ ತರಬೇಕಿತ್ತು. ನಾನು ಬಳಸುವ ತಂತ್ರಾಂಶದಲ್ಲಿ ಮೌನ ತೆಗೆಯುವ ಒಂದು ಗುಂಡಿಯಿದೆ. ದನಿ ಇಷ್ಟು ಮಟ್ಟಕ್ಕಿಂತ ಕೆಳಗಿದ್ದರೆ ಅದು ಮೌನ ಎಂದು ನಾವು ಹೇಳಿಕೊಟ್ಟರೆ, ಅಂಥ ಕಡೆಗಳನ್ನೆಲ್ಲ ಅದು ತೆಗೆದು ಬಿಸಾಡುತ್ತದೆ. ಸಭೆ, ಭಾಷಣಗಳಿಗೆ ನಾನು ಇಡುವ ಮಟ್ಟವನ್ನೇ ಇಟ್ಟು ಒತ್ತಿದೆ. ನಾಲ್ಕು ನಿಮಿಷ ಎರಡಕ್ಕಿಂತ ಕಡಿಮೆಯಾಯಿತು. ಹೆಚ್ಚಾದದ್ದನ್ನು ಕೊನೆಯಿಂದ ಸವರಿದೆ.

ಕೇಳಿದೆ. ಒಂದೇ ಸಲ, ಕೆ.ಆರ್. ಪೇಟೆ ಬಸ್ ನಿಲ್ದಾಣದಲ್ಲಿ ನಿಂತು, ಫೋನಿನ ಸ್ಪೀಕರಿನಲ್ಲಿ. ನಡುವೆ ಹಾಡಿನ ಒಂದು ಪದವೂ ಬಿಟ್ಟುಹೋಗಿರಲಿಲ್ಲ. ಹೇಗೆ ಬಿಟ್ಟುಹೋದೀತು? ಅವಳು ಹೇಳಿಕೊಟ್ಟ ಪ್ರತಿ ಸಾಲನ್ನೂ ಉಳಿದವರು ಹಾಗೇ ಎತ್ತಿ ಹಾಡಿದ್ದರು. ಒಂದೇ ಮಾತು ಎರಡು ಸಲ ಬಂದರೆ ಒಂದನ್ನು ಹೊಡೆದುಹಾಕು ಎಂದು ಸುದ್ದಿಮನೆಯಲ್ಲಿ ನನಗೆ ಮೊದಲ ವಾರವೇ ಕಲಿಸಿದ್ದರು. ಪುನರುಕ್ತಿ ಹೋಗಿ ಹಾಡು ಬಿಗಿಯಾಯಿತು ಎಂದುಕೊಂಡೆ.

ಅರ್ಜಿಗೆ ಸಹಿ ಹಾಕಲು ಬಂದ ದಿನ ಚಿಕ್ಕಮ್ಮ ಕೇಳಿದಳು: "ಒಂದ್ಸಲ ಕೇಳ್ಸು ಮಗ, ಎಂಗೆ ಬಂದದೆ ನೋಡವ."

ಐದು ಗಂಟೆಯೊಳಗೆ ಕಳಿಸಬೇಕು, ಚೆನ್ನಾಗಿಯೇ ಬಂದಿದೆ ಎಂದೆ. ಯಾರ ಹೇಳಿಕೆಯನ್ನೂ ಅವರಿಗೆ ಓದಿ ಹೇಳದೆ ಅಚ್ಚಿಗೆ ಕಳಿಸಿದವನಲ್ಲ ನಾನು. ಅವತ್ತು ಕಳಿಸಿದೆ. ಫೈಲು ಹೋದಾಗ ಗಂಟೆ ಮೂರೂ ಆಗಿರಲಿಲ್ಲ.

ಆಯ್ಕೆ ಸಮಿತಿ ಸೇರಿದ್ದು ಶ್ರೀರಂಗಪಟ್ಟಣದ ಒಂದು ಸಭಾಂಗಣದಲ್ಲಿ. ಮೂವರು ಸದಸ್ಯರು, ಒಂದು ಪರದೆ, ಹೊರಗೆ ವರಾಂಡದ ತುಂಬ ಅರ್ಜಿದಾರರು. ಚಿಕ್ಕಮ್ಮ ಮದುವೆಗೆ ಉಡುವ ಹಸಿರು ರೇಷ್ಮೆ ಉಟ್ಟಿದ್ದಳು. ಸರದಿ ಬಂತು. ಪರದೆಯ ಮೇಲೆ ಅವಳ ಫೋಟೊ ಮೂಡಿತು, ಹಾಡು ಶುರುವಾಯಿತು. ಆ ಸ್ಪೀಕರುಗಳು ದೊಡ್ಡವು. ಬಸ್ ನಿಲ್ದಾಣದಲ್ಲಿ ನನಗೆ ಕೇಳಿಸದಿದ್ದದ್ದು ಅಲ್ಲಿ ಎಲ್ಲರಿಗೂ ಕೇಳಿಸಿತು. ಸೊಲ್ಲೆತ್ತಿದ ಮೂವರ ದನಿ, ಅದರಲ್ಲಿ ಎಲ್ಲಕ್ಕಿಂತ ಮೇಲೆ ಪಕ್ಕದ ಮನೆಯವಳದು. ತೊಂಬತ್ತು ಸೆಕೆಂಡಿನಲ್ಲಿ ಚಿಕ್ಕಮ್ಮ ಎಲ್ಲಿಯೂ ಇರಲಿಲ್ಲ.

ಇದರಲ್ಲಿ ನಿಮ್ಮ ದನಿ ಯಾವುದಮ್ಮ ಎಂದು ಮಹಿಳಾ ಸದಸ್ಯರೊಬ್ಬರು ಕೇಳಿದರು. ಅವರ ದನಿಯಲ್ಲಿ ಕೊಂಕಿರಲಿಲ್ಲ.

ಚಿಕ್ಕಮ್ಮ ಪರದೆಯನ್ನೂ ನನ್ನನ್ನೂ ನೋಡಿದಳು. "ನಂದು ಇದ್ರಲ್ಲಿ ಇಲ್ಲ ಕಣವ್ವ," ಎಂದಳು.

ನಾನು ಎದ್ದುನಿಂತು ತಪ್ಪು ನನ್ನದು, ಪೂರ್ತಿ ಮುದ್ರಣ ಫೋನಿನಲ್ಲಿದೆ ಎಂದೆ. ಸಲ್ಲಿಸಿದ ಫೈಲನ್ನು ಮಾತ್ರ ಪರಿಗಣಿಸುತ್ತೇವೆ ಎಂದು ಅಧ್ಯಕ್ಷರು ನಿಯಮ ಹೇಳಿದರು. ಬೇಕಾದರೆ ಈಗಲೇ ಎರಡು ಸಾಲು ಹಾಡಲಿ ಎಂದರು. ಪಕ್ಕದ ಮನೆಯವಳು ಬಾಗಿಲಲ್ಲೇ ನಿಂತಿದ್ದಳು. ಸೊಲ್ಲೆತ್ತಲು ಅವಳನ್ನು ಕರೆಯಬಹುದೇ ಎಂದು ಚಿಕ್ಕಮ್ಮ ಕೇಳಿದಳು. ಒಬ್ಬ ಅರ್ಜಿದಾರರಿಗೆ ಇನ್ನೊಬ್ಬರು ದನಿ ಕೂಡಿಸುವಂತಿಲ್ಲ ಎಂದರು. ಹಾಗಾದರೆ ಹಾಡುವುದಿಲ್ಲ ಎಂದು ಚಿಕ್ಕಮ್ಮ ಕೈಮುಗಿದು ಹೊರಬಂದಳು.

ಮುಂದಿನ ಸರದಿ ಪಕ್ಕದ ಮನೆಯವಳದು. ಅವಳಿಗೂ ಹಾಡಲು ಹೇಳಿದರು. ಅವಳು ಒಬ್ಬಳೇ ಹಾಡಿದಳು. ವರಾಂಡದವರೆಗೂ ಕೇಳಿಸಿತು. ಎರಡು ಸಾಲು ಆದಮೇಲೆ ನಿಂತಿತು. ಸಮಿತಿಯವರು ಸಾಕು, ಬಹಳ ಚೆನ್ನಾಗಿದೆ ಎಂದರು. ನಿಂತದ್ದೇಕೆಂದು ಹೊರಗಿದ್ದ ನಮ್ಮಿಬ್ಬರಿಗೆ ಗೊತ್ತಿತ್ತು. ಮೂರನೆಯ ಸಾಲನ್ನು ಹೇಳಿಕೊಡುವವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

ಆಯ್ಕೆಯಾದವರ ಪಟ್ಟಿಯಲ್ಲಿ ಪಕ್ಕದ ಮನೆಯವಳ ಹೆಸರಿತ್ತು, ಚಿಕ್ಕಮ್ಮನದಿರಲಿಲ್ಲ. ಅದನ್ನು ನನ್ನ ತಾಲ್ಲೂಕು ಸುದ್ದಿಯಲ್ಲಿ ಸೇರಿಸಿ ನಾನೇ ಕಳಿಸಿದೆ. ಆಕೆ ಚೀಟಿ ತಂದ ದಿನ ಚಿಕ್ಕಮ್ಮನ ಮನೆಗೆ ಬಂದು ಕೂತಿದ್ದಳಂತೆ. ಹೇಳಿಕೊಡುವವಳು ತಾನೆಂದು ಸಮಿತಿಯ ಮುಂದೆ ಯಾಕೆ ಹೇಳಲಿಲ್ಲ ಎಂದು ಚಿಕ್ಕಮ್ಮ ಆಕೆಯನ್ನು ಕೇಳಲಿಲ್ಲ, ಆಕೆಯೂ ಆ ಮಾತು ತೆಗೆಯಲಿಲ್ಲ. ಕಾಫಿ ಕುಡಿದು ಹೋದಳಂತೆ.

ನಾನು ಮಾಡಿದ ಎರಡನೆಯ ತಪ್ಪು ಆಮೇಲಿನದು. ತಪ್ಪು ತಿದ್ದಿಕೊಂಡಂತಾಗಲಿ ಎಂದು ಪೂರ್ತಿ ಮುದ್ರಣವನ್ನು ಒಯ್ದು ಚಿಕ್ಕಮ್ಮನಿಗೆ ಕೇಳಿಸಿದೆ. ಅವಳು ಅಲುಗಾಡದೆ ನಲವತ್ತೊಂದು ನಿಮಿಷವೂ ಕೇಳಿದಳು. ತನ್ನ ದನಿಯನ್ನು ಹೊರಗಿನಿಂದ ಅವಳು ಎಂದೂ ಕೇಳಿರಲಿಲ್ಲ.

"ಇಷ್ಟು ಮೆತ್ತಗೆ ಯೋಳ್ತಿದ್ನೇನ್ಲಾ ನಾನು?" ಎಂದಳು. "ಇದು ಯಾರಿಗ್ಲಾ ಕೇಳ್ತದೆ? ಅವರದೇನು ತಪ್ಪು ಬುಡು."

ಹಾಗೆ ಹೇಳುವುದೇ ಕ್ರಮವಲ್ಲವೇ ಎಂದೆ. ಅವಳು ಹಸುವಿಗೆ ಹುಲ್ಲು ಹಾಕಲು ಎದ್ದಳು.

ಮುಂದಿನ ಮದುವೆ ನಾಗಮಂಗಲ ತಾಲ್ಲೂಕಿನದು. ಚಿಕ್ಕಮ್ಮನನ್ನೂ ಅವಳ ಗುಂಪಿನವರನ್ನೂ ನಾನೇ ಕಾರಿನಲ್ಲಿ ಕರೆದೊಯ್ದೆ. ಅರಿಶಿನದ ಶಾಸ್ತ್ರಕ್ಕೆ ಹೆಂಗಸರು ಸುತ್ತ ಕೂತರು. ಚಿಕ್ಕಮ್ಮ ಸೆರಗನ್ನು ಬಾಯಿಯಿಂದ ಸರಿಸಿ, ತಲೆಯೆತ್ತಿ, ಚಪ್ಪರದಾಚೆಗೆ ಕೇಳುವಂತೆ ಮೊದಲ ಸಾಲು ಹೇಳಿದಳು. ಯಾರೂ ಸೊಲ್ಲೆತ್ತಲಿಲ್ಲ. ಅವಳ ದನಿ ಇಳಿದಾಗ ತಮ್ಮ ಸರದಿ ಎಂದು ತಿಳಿದು ಎತ್ತುವವರು ಅವರು. ದನಿ ಇಳಿಯಲಿಲ್ಲ, ಅವರು ಕಾದರು. ಎರಡನೆಯ ಸಾಲಿಗೆ ಇಬ್ಬರು ಎತ್ತಿದರು, ಒಬ್ಬಳು ಬಿಟ್ಟಳು. ಮೂರನೆಯದಕ್ಕೆ ಚಿಕ್ಕಮ್ಮನಿಗೆ ಕೆಮ್ಮು ಬಂತು. ಕೆಮ್ಮು ನಿಂತಾಗ ಸಾಲು ಮರೆತಿತ್ತು. ಪಕ್ಕದ ಮನೆಯವಳು ಅವಳ ಮುಖವನ್ನೇ ನೋಡುತ್ತ ಕಾದು ಕೂತಿದ್ದಳು. ಅಷ್ಟರಲ್ಲಿ ಹೆಣ್ಣಿನ ಕಡೆಯ ಯಾರೋ ಫೋನನ್ನು ಸ್ಪೀಕರಿಗೆ ಸೇರಿಸಿ ಯಾವುದೋ ಹಾಡು ಹಾಕಿದರು. ಹುಡುಗಿಯರು ಎದ್ದು ಕುಣಿದರು. ಚಿಕ್ಕಮ್ಮ ತನ್ನ ಸರದಿಗೆ ಎದ್ದು ಮದುಮಗಳ ಕೆನ್ನೆಗೆ ಅರಿಶಿನ ಹಚ್ಚಿ, ಊಟ ಮಾಡಿ ಬಂದು ಕಾರಿನಲ್ಲಿ ಕೂತಳು.

ಪಾಂಡವಪುರದ ತಿರುವು ದಾಟಿದೆವು. ಆಮೇಲೆ, "ಇನ್ಮೇಲೆ ಸೊಲ್ಲೆತ್ತಕ್ಕೆ ಕರುದ್ರೆ ಓಯ್ತೀನಿ. ಯೋಳ್ಕೊಡಕ್ಕೆ ಓಗಕಿಲ್ಲ," ಎಂದಳು.

ಕರೆದವರಿಗೆಲ್ಲ ಹಾಗೇ ಹೇಳಿದಳು. ಹೇಳಿಕೊಡುವವಳಿಲ್ಲದ ಮೇಲೆ ಎತ್ತುವುದಾದರೂ ಏನನ್ನು? ಒಂದೆರಡು ಮದುವೆಯ ಮನೆಯವರು ಬಂದು ಕೇಳಿ ನೋಡಿದರು. ಈಗ ಯಾರೂ ಬರುವುದಿಲ್ಲ.