ಹೊಗೆ ಯಾವ ಕಡೆ ಬಾಗಿತ್ತು?

ವಿಮಾನ ಗದ್ದೆಗೆ ಇಳಿದರೆ ಏನಾಗುತ್ತದೆ? ಕಳೆದ ಶನಿವಾರದವರೆಗೆ ನನಗೂ ಗೊತ್ತಿರಲಿಲ್ಲ. ಮೂಗು ಬದುವಿಗೆ ಕುತ್ತುತ್ತದೆ, ಬಾಲ ಆಕಾಶ ನೋಡುತ್ತದೆ, ಮುಂದಿನ ಫ್ಯಾನು ಸೊಟ್ಟಗಾಗುತ್ತದೆ. (ಅದಕ್ಕೆ ಪ್ರೊಪೆಲ್ಲರ್ ಎನ್ನಬೇಕೆಂದು ಮಗಳು ತಿದ್ದಿದಳು.)

ನಮ್ಮ ಮನೆ ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ. ಊರಿನ ಶಾಲೆಗೆ ಇಪ್ಪತ್ತೈದು ವರ್ಷ ತುಂಬಿತು. ಬೊಂಬಾಯಿಯಲ್ಲಿ ಹೋಟೆಲು ಇಟ್ಟಿರುವ ಹಳೆ ವಿದ್ಯಾರ್ಥಿಯೊಬ್ಬರು, ಮಕ್ಕಳು ವಿಮಾನವನ್ನು ಮುಟ್ಟಿ ನೋಡಲಿ ಎಂದು ಎರಡು ಸೀಟಿನದ್ದೊಂದನ್ನು ಬಾಡಿಗೆಗೆ ಗೊತ್ತುಮಾಡಿದರು. ಕೊಯ್ಲು ಮುಗಿದ ನಮ್ಮ ದೊಡ್ಡ ಗದ್ದೆಯ ನಡುವಿನ ಬದುಗಳನ್ನೆಲ್ಲ ತೆಗೆದು ನೆಲ ಗಟ್ಟಿ ಮಾಡಿದ್ದಾಯಿತು. ಪೈಲಟ್ ಹೇಳಿ ಕಳಿಸಿದ್ದು ಒಂದೇ: ಗದ್ದೆಯ ಪಕ್ಕದಲ್ಲಿ ನೀವು ಹೊಗೆ ಹಾಕಿ; ಗಾಳಿ ಯಾವ ಕಡೆಯದೆಂದು ನಾನು ಮೇಲಿನಿಂದ ನೋಡಿ ಅದಕ್ಕೆ ಎದುರಾಗಿ ಇಳಿಯುತ್ತೇನೆ.

ಹೊಗೆ ಹಾಕುವುದನ್ನು ನಮ್ಮವರಿಗೆ ಕಲಿಸಬೇಕೆ? ವರ್ಷವರ್ಷವೂ ಗೊಬ್ಬರಕ್ಕೆಂದು ಸೊಪ್ಪು, ಮಣ್ಣು ರಾಶಿ ಹಾಕಿ ಸುಡುವ ಊರು ಇದು. ನಮ್ಮ ಗದ್ದೆ ನೋಡಿಕೊಳ್ಳುವ ಮೋನಪ್ಪಣ್ಣ ಅದರಲ್ಲಿ ಎಕ್ಸ್‌ಪರ್ಟ್. ಉರಿ ಏಳದೆ ಬರೇ ಹೊಗೆ ಏಳಲು ಎಷ್ಟು ಹಸಿ ಸೊಪ್ಪು ಬೇಕೆಂದು ಅವರ ಕೈಗೇ ಗೊತ್ತು. ಬೆಂಕಿಪೆಟ್ಟಿಗೆ ಕೊಟ್ಟದ್ದು ನಾನು. ವಿಮಾನದ ಸದ್ದು ಕೇಳುವ ಮೊದಲೇ ದಪ್ಪ ಬಿಳಿ ಹೊಗೆ ಎದ್ದು ಪೂರ್ವಕ್ಕೆ ಬಾಗಿತು. ಮಧ್ಯಾಹ್ನದ ಪಡುಗಾಳಿ.

ವಿಮಾನ ಒಂದು ಸುತ್ತೂ ಹಾಕಲಿಲ್ಲ. ಪಶ್ಚಿಮದಿಂದ ಬಂದದ್ದೇ ಗಾಳಿಗೆ ಬೆನ್ನು ಕೊಟ್ಟು ಇಳಿಯಿತು. ಗಾಳಿ ದೂಡಿತು. ಚಕ್ರ ನೆಲ ಮುಟ್ಟುವಾಗ ಅರ್ಧ ಗದ್ದೆ ಕಳೆದಿತ್ತು. ಕೊನೆಯ ಬದು ಬಂದೇಬಿಟ್ಟಿತು.

ಪುಣ್ಯಕ್ಕೆ ಒಳಗೆ ಪೈಲಟ್ ಒಬ್ಬನೇ. ತುಟಿ ಒಡೆದಿತ್ತು, ಅಷ್ಟೆ. ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟೆವು. ಮೈಸೂರು ಕಡೆಯವನು, ಮೂವತ್ತರ ಆಸುಪಾಸು. ಲೋಟ ಕೆಳಗಿಟ್ಟು, “ಲೈಸೆನ್ಸ್ ಹೋಯ್ತು ಅಮ್ಮಾ,” ಎಂದ. ಮನೆಯಲ್ಲಿ ಆರು ತಿಂಗಳ ಕೂಸಿದೆ ಎಂದೂ ಹೇಳಿದ. ಮೋನಪ್ಪಣ್ಣ ಕಂಬಕ್ಕೆ ಒರಗಿ ಕೇಳುತ್ತಿದ್ದರು.

ಸಂಜೆಗೆ ವಿಚಾರಣೆಗೆಂದು ಮಂಗಳೂರಿನಿಂದ ಜೀಪಿನಲ್ಲಿ ವಿಮಾನ ಇಲಾಖೆಯ ಆಫೀಸರ್ ಬಂದರು. ಅವರು ಪೆನ್ನು ತೆಗೆಯುವುದರೊಳಗೆ ಮೋನಪ್ಪಣ್ಣ ಎದುರು ಬಂದು, ಹೊಗೆ ಹಾಕುವಾಗ ತಡವಾಯಿತು, ವಿಮಾನ ಇಳಿದ ಮೇಲೆ ಹೊಗೆ ಎದ್ದದ್ದು, ತಪ್ಪು ತನ್ನದು ಎಂದುಬಿಟ್ಟರು. ಆಫೀಸರ್ ಬರೆದುಕೊಂಡು ನನ್ನ ಕಡೆ ತಿರುಗಿದರು.

“ಹೌದೇನಮ್ಮ?”

ನಾನು ಖಾಲಿ ಲೋಟಗಳನ್ನು ಒಟ್ಟುಮಾಡತೊಡಗಿದೆ.

ಆಗ ಪೈಲಟ್ ಎದ್ದು ನಿಂತ. “ಅದನ್ನ ಹೊಡೆದುಹಾಕಿ ಸಾರ್. ಹೊಗೆ ಸರಿಯಾಗೇ ಇತ್ತು. ಕೆಳಗೆ ಮಕ್ಕಳು ಕೈ ಬೀಸ್ತಿದ್ರು. ನಾನು ಅವರನ್ನ ನೋಡ್ದೆ, ಹೊಗೆ ನೋಡ್ಲಿಲ್ಲ.”

“ಎಂತ ಮಾರಾಯ್ರೆ ನೀವು,” ಮೋನಪ್ಪಣ್ಣ ಗೊಣಗಿದರು. “ಅವರು ಬರೆದು ಆಗಿತ್ತಲ್ಲ.”

ಜೀಪು ಅವನನ್ನೂ ಕೂರಿಸಿಕೊಂಡು ಹೋಯಿತು. ಯಾಕೆ ಹಾಗೆ ಹೇಳಿದಿರಿ ಎಂದು ಮೋನಪ್ಪಣ್ಣನನ್ನು ಕೇಳಿದೆ.

“ಹೋಗ್ಲಿಕ್ಕೆ ನಂದು ಲೈಸೆನ್ಸ್ ಉಂಟಾ ಅಕ್ಕ? ಅವರದ್ದು ಉಂಟಲ್ಲ.” ಹಾಗೆಂದು, ನಾಳೆಯೇ ಬದು ಕಟ್ಟುವ ಎನ್ನುತ್ತಾ ಹೊರಟುಹೋದರು.

ಸಾರಿಗೆ ಉಪ್ಪು ಹೆಚ್ಚಾದರೆ ನಾನು ತಪ್ಪನ್ನು ಪಕ್ಕದ ಮನೆಯವಳ ಮಾತಿನ ಮೇಲೆ ಹಾಕುತ್ತೇನೆ. ಬಸ್ಸು ತಪ್ಪಿದರೆ ನಮ್ಮ ಯಜಮಾನರು ಗಡಿಯಾರಕ್ಕೆ ಬಯ್ಯುತ್ತಾರೆ. ಅಂಥ ಮನೆಯ ಜಗಲಿಯಲ್ಲಿ ಒಂದು ತಪ್ಪಿಗೆ ಇಬ್ಬರು ವಾರಸುದಾರರು!

ಮೊನ್ನೆ ಬೊಂಬಾಯಿಯಿಂದ ಟ್ರಂಕ್ ಕಾಲ್ ಬಂತು. ವಿಚಾರಣೆ ಮುಗಿಯುವವರೆಗೆ ಪೈಲಟ್ ಹಾರುವಂತಿಲ್ಲವಂತೆ. ನಿಜ ಹೇಳಿ ಅವನು ಕೆಲಸವನ್ನು ಪಣಕ್ಕಿಟ್ಟ. ಸುಳ್ಳು ಹೇಳಿ ಮೋನಪ್ಪಣ್ಣ ತಮ್ಮ ಹೆಸರನ್ನು ಪಣಕ್ಕಿಟ್ಟರು. ಏನೂ ಕಳೆದುಕೊಳ್ಳಲಿಕ್ಕಿಲ್ಲದವಳು ನಾನೊಬ್ಬಳೇ.

ಮತ್ತೆ ಆಫೀಸರ್ ಕೇಳಿದಾಗ ನನ್ನ ಬಾಯಿಗೆ ಏನಾಗಿತ್ತು?