ಮಾವನಿಲ್ಲದ ಮನೆಗಳ ಪಟ್ಟಿ

ನನ್ನ ಮೊದಲ ಕೆಲಸ ವಿಜಯನಗರದ ಒಂದು ವಧೂವರರ ಕೇಂದ್ರದಲ್ಲಿ. ಕೆಳಗೆ ಸ್ಟೀಲ್ ಪಾತ್ರೆ ಅಂಗಡಿ, ಮೇಲೆ ನಾವು. ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಮಾಡಿದವಳಿಗೆ ಇದೇನು ಕೆಲಸ ಎಂದು ನೆಂಟರು ಮೂಗು ಮುರಿದರು. ಹೇರೋಹಳ್ಳಿಯ ನಮ್ಮ ಮನೆಯಿಂದ ಅಲ್ಲಿಗೆ ಒಂದೇ ಬಸ್ಸಿನಲ್ಲಿ ಹೋಗಬಹುದಿತ್ತು, ಬೇರೆ ಯಾರೂ ನನ್ನನ್ನು ಕರೆದಿರಲಿಲ್ಲ. ಸೇರಿಕೊಳ್ಳಲು ಅಷ್ಟು ಸಾಕಾಯಿತು. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿದ್ದ ಕಾಲ ಅದು. ಜನ ಜೋಯಿಸರ ಮನೆಗೂ ಹೋಗುತ್ತಿದ್ದರು, ಮಗನ ಕೈಯಲ್ಲಿ ಇಂಟರ್ನೆಟ್ಟನ್ನೂ ತೆರೆಸಿ ನೋಡುತ್ತಿದ್ದರು.

ಕೇಂದ್ರದ ಯಜಮಾನರು ಬ್ಯಾಂಕಿನಿಂದ ಬೇಗ ನಿವೃತ್ತಿ ತೆಗೆದುಕೊಂಡವರು. ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಹೇಳಹೊರಟಿರುವುದರಲ್ಲಿ ಕೆಟ್ಟವರು ಅಂತ ಯಾರೂ ಇಲ್ಲ. ನನಗೆ ಇವತ್ತಿಗೂ ಮೈ ಉರಿಯುವುದು ಅದಕ್ಕೇ. ಒಬ್ಬರಾದರೂ ಕೆಟ್ಟವರಿದ್ದಿದ್ದರೆ ಅವರನ್ನು ಬೈದುಕೊಂಡಾದರೂ ಹಗುರವಾಗುತ್ತಿದ್ದೆ.

ಕೇಂದ್ರದ ವೆಬ್‌ಸೈಟನ್ನು ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದರು. ಗಂಡು ಹೆಣ್ಣುಗಳ ವಿವರವೆಲ್ಲ ಡೇಟಾಬೇಸಿನಲ್ಲಿತ್ತು. ಒಂದು ಗಂಡಿಗೆ ಹೊಂದುವ ಹೆಣ್ಣುಗಳು ಯಾರು ಎಂದು ಕೇಳಬೇಕಾದರೆ ಅದಕ್ಕೊಂದು ಉದ್ದದ ಪ್ರಶ್ನೆ ಬರೆಯಬೇಕು. ಅದನ್ನು ಕ್ವೆರಿ ಎನ್ನುತ್ತಾರೆ. ಒಂದೇ ಗೋತ್ರದವರು ಬೇಡ, ವಯಸ್ಸು ಇಷ್ಟಿರಲಿ, ಎತ್ತರ ಅಷ್ಟಿರಲಿ, ಹೀಗೆ ಷರತ್ತಿನ ಮೇಲೆ ಷರತ್ತು. ನನಗಿಂತ ಮುಂಚೆ ಅಲ್ಲಿದ್ದ ಪುಣ್ಯಾತ್ಮ ಈ ಕ್ವೆರಿಯನ್ನು ಒಂದೊಂದು ಪುಟದಲ್ಲೂ ಮತ್ತೆ ಮತ್ತೆ ಬರೆದಿಟ್ಟು, ಹೆಚ್ಚು ಸಂಬಳದ ಕೆಲಸ ಸಿಕ್ಕಿದ್ದೇ ಕೈ ತೊಳೆದುಕೊಂಡು ಹೋಗಿದ್ದ. ವಿದ್ಯಾಭ್ಯಾಸದ ಮೇಲೆ ಹುಡುಕುವ ಪುಟಕ್ಕೆ ಒಂದು ಕ್ವೆರಿ, ಉದ್ಯೋಗಕ್ಕೆ ಇನ್ನೊಂದು, ಬಡಾವಣೆಗೆ ಮತ್ತೊಂದು, ವಾರಕ್ಕೊಮ್ಮೆ ಅಂಚೆಯಲ್ಲಿ ಕಳಿಸುವ ಪಟ್ಟಿಗೆ ಮಗದೊಂದು. ದಿನಾ ಮಾಡುವ ಸಾರಿಗೆ ದಿನಾ ಹೊಸದಾಗಿ ಪುಡಿ ಕುಟ್ಟಿದ ಹಾಗೆ. ಅದನ್ನು ನೋಡಿದಾಗಲೆಲ್ಲ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಆ ಷರತ್ತುಗಳಲ್ಲಿ ಒಂದನ್ನು ಯಜಮಾನರು ವಿಶೇಷವಾಗಿ ಹೇಳಿ ಹಾಕಿಸಿದ್ದರು. ಹುಡುಗಿಯದು ಮೂಲಾ ನಕ್ಷತ್ರವಾಗಿದ್ದರೆ ಅವಳನ್ನು ತಂದೆ ಇಲ್ಲದ ಗಂಡಿಗೆ ಮಾತ್ರ ತೋರಿಸಬೇಕು. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನಿಗೆ ಆಗಿಬರುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದೇ. ಮಾವನೇ ಇಲ್ಲದಿದ್ದರೆ ಆಗಿಬರದೆ ಹೋಗಲು ಯಾರೂ ಉಳಿದಿರುವುದಿಲ್ಲವಲ್ಲ. "ನಾನು ನಂಬ್ತೀನಿ ಅಂತಲ್ಲಮ್ಮ, ಜನ ಕೇಳ್ತಾರೆ, ಏನ್ಮಾಡೋದು" ಎನ್ನುತ್ತಿದ್ದರು ಯಜಮಾನರು.

ನನ್ನ ಅಕ್ಕನದು ಮೂಲಾ ನಕ್ಷತ್ರ.

ಅಕ್ಕ ನಾಗರಬಾವಿಯ ಒಂದು ಖಾಸಗಿ ಶಾಲೆಯಲ್ಲಿ ಟೀಚರು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಮೂವತ್ತಕ್ಕೆ ಬಂದಿದ್ದಳು. ನೋಡಲು ಬಂದವರಿಗೆಲ್ಲ ಉಪ್ಪಿಟ್ಟು ಕೇಸರಿಬಾತ್ ಮಾಡಿ ಮಾಡಿ, ನಮ್ಮ ಮನೆಯಲ್ಲಿ ಬೇರೆ ದಿನ ರವೆ ಡಬ್ಬಿ ಮುಟ್ಟುವುದನ್ನೇ ಬಿಟ್ಟಿದ್ದೆವು. ನಾನು ಸೇರಿದ ವಾರವೇ ಅವಳ ವಿವರವನ್ನು, ನಕ್ಷತ್ರವೂ ಸೇರಿದಂತೆ, ಇದ್ದದ್ದು ಇದ್ದ ಹಾಗೆ ಡೇಟಾಬೇಸಿಗೆ ಹಾಕಿದೆ. ಹಾಕುವ ಮುಂಚೆ ನಕ್ಷತ್ರ ಬದಲಿಸಿಬಿಡಲಾ ಎಂದು ಅವಳನ್ನೇ ಕೇಳಿದ್ದೆ.

"ಬದಲಾಯ್ಸು. ಆಮೇಲೆ ಮಾವನಿಗೆ ಕೆಮ್ಮು ಬಂದಾಗಲೆಲ್ಲ ನಾನು ಹೆದರ್ಕೊಂಡು ಕೂತಿರ್ತೀನಿ" ಎಂದಳು ಅಕ್ಕ. "ಸುಮ್ನೆ ಇರೋದು ಹಾಕೇ."

ತಂದೆ ಇರುವ ಯಾವ ಗಂಡಿಗೂ ಅವಳ ಫೋಟೋ ಕಾಣುವುದಿಲ್ಲ ಎಂದೇ ತಿಳಿದಿದ್ದೆ. ಆದರೆ ಒಂದು ಶನಿವಾರ ಕೆಂಗೇರಿ ಉಪನಗರದಿಂದ ನೇರ ನಮ್ಮ ಮನೆಗೇ ಫೋನ್ ಬಂತು. ಮಾತಾಡಿದವರು ಗಂಡಿನ ತಂದೆ, ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ಬಡಾವಣೆ ಪುಟದಲ್ಲಿ ಅಕ್ಕನ ಫೋಟೋ ನೋಡಿದ್ದರಂತೆ. ಜಾತಕದ ಮಾತೇ ಎತ್ತಲಿಲ್ಲ. "ಮೊದ್ಲು ಮನುಷ್ಯರನ್ನ ನೋಡೋಣ ಸಾರ್, ಗ್ರಹಗಳನ್ನ ಆಮೇಲೆ ನೋಡಿದ್ರಾಯ್ತು" ಎಂದು ಅಪ್ಪನಿಗೆ ಹೇಳಿ, ಮಾರನೆಯ ದಿನವೇ ಬರುತ್ತೇವೆ ಎಂದರು.

ಇವರಿಗೆ ಅಕ್ಕ ಕಂಡದ್ದಾದರೂ ಹೇಗೆ? ಸೋಮವಾರ ಆಫೀಸಿಗೆ ಹೋಗಿ ನೋಡಿದ ಮೇಲೆ ತಿಳಿಯಿತು. ಆ ಪುಣ್ಯಾತ್ಮ ಬಡಾವಣೆ ಪುಟದ ಕ್ವೆರಿಯಲ್ಲಿ ಮೂಲಾ ಷರತ್ತು ಹಾಕುವುದನ್ನು ಮರೆತಿದ್ದ. ಅಷ್ಟು ಪುಟಗಳಲ್ಲಿ ಅದೊಂದು ಪುಟದಲ್ಲಿ ಮಾತ್ರ ನನ್ನಕ್ಕ ಎಲ್ಲ ಹೆಣ್ಣುಮಕ್ಕಳ ಜೊತೆ ಒಬ್ಬಳಾಗಿ ನಿಂತಿದ್ದಳು. ಅವನ ಮರೆವಿಗೆ ಅವತ್ತು ನಾನು ಮನಸ್ಸಿನಲ್ಲೇ ಕೈಮುಗಿದೆ. ಆದರೆ ಅಷ್ಟು ಹೊತ್ತಿಗೆ ಭಾನುವಾರ ಕಳೆದುಹೋಗಿತ್ತು.

ಭಾನುವಾರ ಅವರು ಮೂವರು ಬಂದಿದ್ದರು. ತಂದೆ, ತಾಯಿ, ಮಗ. ಹೇರೋಹಳ್ಳಿಯ ರಸ್ತೆಯ ಕೆಸರೆಲ್ಲ ಅವರ ಚಪ್ಪಲಿಗೆ ಮೆತ್ತಿತ್ತು. ಮಗ ಒಳ್ಳೆಯವನಂತೆಯೇ ಕಂಡ, ಆದರೆ ಅವನ ಕಣ್ಣು ನೆಲ ಬಿಟ್ಟು ಮೇಲೆ ಏಳಲಿಲ್ಲ. ಮಾತೆಲ್ಲ ತಂದೆಯದೇ. ಅಕ್ಕನನ್ನು ಅವಳ ಶಾಲೆಯ ಬಗ್ಗೆ ಕೇಳಿದರು, ಮಕ್ಕಳು ಮಾತು ಕೇಳುತ್ತವೋ ಇಲ್ಲವೋ ಎಂದು ಕೇಳಿದರು, ತಾವು ಚಿಕ್ಕವರಿದ್ದಾಗ ಮೇಷ್ಟರ ಸೈಕಲ್ಲಿನ ಗಾಳಿ ಬಿಟ್ಟು ಏಟು ತಿಂದದ್ದನ್ನು ಹೇಳಿದರು. ಅಕ್ಕ ನಕ್ಕಳು. ಹೆಣ್ಣು ನೋಡಲು ಬಂದವರ ಮುಂದೆ ಅಕ್ಕ ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ತಟ್ಟೆ ಖಾಲಿಯಾದಾಗ ಅವರು ಅದನ್ನು ಅಕ್ಕನ ಕಡೆಗೇ ಚಾಚಿದರು. "ಇನ್ನೊಂಚೂರು ಹಾಕಮ್ಮ. ಹೆಣ್ ನೋಡಕ್ಕೆ ಹೋದ್ ಕಡೆ ಎರಡನೇ ಸಲ ಹಾಕಿಸ್ಕೋಬಾರ್ದು ಅಂತ ಇವಳು ಹೇಳ್ಕೊಟ್ಟೇ ಕರ್ಕೊಂಡ್ ಬಂದಿದಾಳೆ. ಆದ್ರೂ ಹಾಕು" ಎಂದರು ಹೆಂಡತಿಯನ್ನು ತೋರಿಸಿ. ಎಲ್ಲರೂ ನಕ್ಕರು. ಆ ತಾಯಿಯೂ ನಕ್ಕರು. ಆಮೇಲೆ, ನಗುತ್ತಲೇ, ಕೇಳಿದರು.

"ನಕ್ಷತ್ರ ಯಾವುದಮ್ಮ?"

"ಮೂಲಾ" ಎಂದಳು ಅಕ್ಕ. ಕ್ಲಾಸಿನಲ್ಲಿ ಹಾಜರಿ ಹೇಳುವ ಹಾಗೆ.

ಆ ತಾಯಿ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು. ಸಿಟ್ಟು ಮಾಡಲಿಲ್ಲ, ಕೆಟ್ಟ ಮಾತಾಡಲಿಲ್ಲ. ಮುಖ ಬಿಳಿಚಿಕೊಂಡಿತು, ಅಷ್ಟೇ. "ಏಳಿ, ಹೋಗೋಣ" ಎಂದರು ಗಂಡನಿಗೆ.

"ಸಾಯೋನು ನಾನು ಕಣೇ. ನಂಗಿಲ್ದಿರೋ ಭಯ ನಿಂಗ್ಯಾಕೆ?"

"ನೀವ್ ಹೋದ್ರೆ ಉಳಿಯೋಳು ನಾನು" ಎಂದರು ಆಕೆ.

ಅವರು ತಟ್ಟೆ ಕೆಳಗಿಟ್ಟು ಎದ್ದರು. ಮಗ ಆಗಲೂ ನೆಲವನ್ನೇ ನೋಡುತ್ತಿದ್ದ. ಹೊರಡುವಾಗ ಬಾಗಿಲಲ್ಲಿ ಆ ಹಿರಿಯರು ಒಂದು ನಿಮಿಷ ನಿಂತು, "ಉಪ್ಪಿಟ್ಟು ಬಹಳ ಚೆನ್ನಾಗಿತ್ತು ತಾಯಿ. ನಾನು ಇವಳ ಹತ್ರ ಮಾತಾಡ್ತೀನಿ, ಸ್ವಲ್ಪ ದಿನ ಕೊಡಿ" ಎಂದು ಅಕ್ಕನಿಗೆ ಹೇಳಿ ಹೋದರು.

ಅಕ್ಕ ಆ ಮಾತನ್ನು ನಂಬಿದಳು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಫೋನ್ ಬಡಿದುಕೊಂಡಾಗಲೆಲ್ಲ ಅವಳ ಕೈ ಕೆಲಸ ನಿಲ್ಲಿಸುತ್ತಿತ್ತು.

ಇತ್ತ ಸೋಮವಾರವೇ ಆ ತಾಯಿ ಕೇಂದ್ರಕ್ಕೆ ಫೋನ್ ಮಾಡಿ ಯಜಮಾನರಿಗೆ ಚೆನ್ನಾಗಿ ಬೆಂಡೆತ್ತಿದ್ದರು. ಅವರು ನನ್ನನ್ನು ಕರೆದರು. "ನೋಡಮ್ಮ, ಒಂದ್ ಪುಟದಲ್ಲಿ ಒಂದ್ ತರ, ಇನ್ನೊಂದ್ ಪುಟದಲ್ಲಿ ಇನ್ನೊಂದ್ ತರ ಬಂದ್ರೆ ಕೇಂದ್ರದ ಹೆಸರು ಏನಾಗ್ಬೇಕು? ಎಲ್ಲಾ ಕಡೆ ಒಂದೇ ತರ ಬರೋ ಹಾಗೆ ಮಾಡು."

ಎಲ್ಲ ಕಡೆ ಒಂದೇ ತರ ಬರುವ ಹಾಗೆ ಮಾಡುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸೇರಿದ ದಿನದಿಂದ ಅದನ್ನೇ ಮಾಡಬೇಕೆಂದು ಕೈ ತುರಿಸುತ್ತಿತ್ತು. ಫಂಕ್ಷನ್ ಎಂಬ ಒಂದು ಪ್ರೋಗ್ರಾಂ ತುಣುಕು ಬರೆದು, ಷರತ್ತುಗಳನ್ನೆಲ್ಲ ಅದರೊಳಗೆ ಒಂದೇ ಸಲ ಹಾಕಿಬಿಟ್ಟರೆ ಮುಗಿಯಿತು. ಆಮೇಲೆ ಯಾವ ಪುಟದಿಂದ ಬೇಕಾದರೂ ಅದನ್ನು ಹೆಸರು ಹಿಡಿದು ಕರೆದು ಗಂಡಿನ ನೋಂದಣಿ ನಂಬರ್ ಕೊಟ್ಟರೆ ಸಾಕು, ಹೊಂದುವ ಹೆಣ್ಣುಗಳ ಪಟ್ಟಿ ಬಂದು ನಿಲ್ಲುತ್ತದೆ. ಪುಟದುದ್ದದ ಕ್ವೆರಿ ಇದ್ದ ಕಡೆಯೆಲ್ಲ ಒಂದೇ ಸಾಲು.

ಬರೆಯುವಾಗ ಖುಷಿಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಳೆಯ ಕ್ವೆರಿಗಳನ್ನು ಒಂದೊಂದಾಗಿ ಅಳಿಸುತ್ತ ಬಂದಂತೆ, ವರ್ಷಗಟ್ಟಲೆ ಗುಡಿಸದ ಅಟ್ಟ ಗುಡಿಸಿದಷ್ಟು ಹಿತವಾಯಿತು. ಕೊನೆಗೆ ಬಡಾವಣೆ ಪುಟ ಉಳಿಯಿತು. ಅಲ್ಲಿ ಕೈ ನಿಂತಿತು. ಇದೊಂದನ್ನು ಹಳೆಯದಾಗಿಯೇ ಬಿಟ್ಟುಬಿಡಲಾ ಎಂದುಕೊಂಡೆ. ಯಜಮಾನರು ಹಿಂದೆಯೇ ಬಂದು ನಿಂತಿದ್ದರು.

"ನಿಮ್ಮಕ್ಕನ ಹೆಸರೇ ಬರುತ್ತಾ ನೋಡ್ಬಿಡು. ಗಲಾಟೆ ಆಗಿದ್ದು ಅದರಿಂದ್ಲೇ ತಾನೇ" ಎಂದರು. ಅವರಿಗೆ ಅದರಲ್ಲಿ ಚುಚ್ಚುವ ಉದ್ದೇಶವೇನೂ ಇರಲಿಲ್ಲ. ಲೆಕ್ಕ ತಾಳೆ ನೋಡುವ ಬ್ಯಾಂಕಿನ ಅಭ್ಯಾಸ.

ಬಡಾವಣೆ ಪುಟಕ್ಕೂ ಆ ಒಂದು ಸಾಲನ್ನು ಹಾಕಿ, ಕೆಂಗೇರಿಯ ಆ ಗಂಡಿನ ನಂಬರ್ ಕೊಟ್ಟೆ. ಪಟ್ಟಿ ಬಂತು. ಅಕ್ಕ ಇರಲಿಲ್ಲ. ರಾಜಾಜಿನಗರ, ಬಸವೇಶ್ವರನಗರ, ಆರ್‌ಪಿಸಿ ಲೇಔಟ್, ಯಾವ ಬಡಾವಣೆಯ ಗಂಡಿನ ನಂಬರ್ ಕೊಟ್ಟರೂ ಅಕ್ಕ ಇರಲಿಲ್ಲ. ಎಲ್ಲೋ ಒಂದೊಂದು ಕಡೆ, ತಂದೆ ತೀರಿಕೊಂಡ ಗಂಡುಗಳ ಪಟ್ಟಿಯಲ್ಲಿ ಮಾತ್ರ ಅವಳ ಫೋಟೋ ಕಾಣುತ್ತಿತ್ತು. "ಭೇಷ್" ಎಂದರು ಯಜಮಾನರು. ಅವತ್ತು ಎಲ್ಲರಿಗೂ ಬಾದಾಮಿ ಹಾಲು ತರಿಸಿದರು. ನಾನೂ ಕುಡಿದೆ. ಬೇಡ ಎನ್ನಲು ಏನು ಕಾರಣ ಹೇಳಬೇಕೋ ತಿಳಿಯಲಿಲ್ಲ.

ಮನುಷ್ಯರಾದರೆ ಒಂದು ಕಡೆ ಮರೆಯುತ್ತಾರೆ, ಇನ್ನೊಂದು ಕಡೆ ಹೋಗಲಿ ಬಿಡು ಅನ್ನುತ್ತಾರೆ. ನನ್ನ ಫಂಕ್ಷನ್ನಿಗೆ ಎರಡೂ ಬರುತ್ತಿರಲಿಲ್ಲ. ಮನೆಗೆ ಹೋಗಿ ಅಕ್ಕನಿಗೆ ಹೇಳಿದಾಗ ಅವಳು ಪರೀಕ್ಷೆಯ ಪೇಪರು ತಿದ್ದುತ್ತಿದ್ದಳು. ತಲೆ ಎತ್ತದೆ, "ನಿನ್ ಕೆಲಸ ನೀನ್ ಮಾಡಿದೀಯ. ಅವರು ಹೇಗೂ ಮಾತಾಡ್ತೀನಿ ಅಂದಿದಾರಲ್ಲ" ಎಂದಳು.

ಮಳೆಗಾಲ ಕಳೆಯಿತು, ದಸರಾ ರಜೆಯೂ ಮುಗಿಯಿತು. ಕೆಂಗೇರಿಯಿಂದ ಫೋನ್ ಬರಲಿಲ್ಲ.

ಬಂದದ್ದು ಕೇಂದ್ರಕ್ಕೆ. ನಾನೇ ಎತ್ತಿಕೊಂಡೆ. ಆ ಮಗ. ಅವನ ಧ್ವನಿಯನ್ನು ನಾನು ಸರಿಯಾಗಿ ಕೇಳಿದ್ದು ಅದೇ ಮೊದಲು.

"ಮೇಡಂ, ನಮ್ ತಂದೆ ಹೋಗ್ಬಿಟ್ರು. ಹಾರ್ಟ್ ಅಟ್ಯಾಕು. ವರ್ಷದೊಳಗೆ ನನ್ನ ಮದುವೆ ಮಾಡ್ಬಿಡ್ಬೇಕು ಅಂತ ಅಮ್ಮ ಹೇಳ್ತಿದಾರೆ. ಅಲ್ಲಿ ತಂದೆ ವಿವರ ಬದಲಾಯಿಸ್ಬೇಕಾಗತ್ತಂತಲ್ಲ?"

ಮನೆಯಲ್ಲಿ ಸಾವಾದರೆ ವರ್ಷದೊಳಗೆ ಮದುವೆ ಮಾಡಬೇಕು, ಇಲ್ಲವಾದರೆ ಮೂರು ವರ್ಷ ಕಾಯಬೇಕು ಎನ್ನುವುದು ನಮ್ಮಲ್ಲಿ ಇದ್ದದ್ದೇ. ಬದಲಾಯಿಸುತ್ತೇನೆ ಎಂದೆ. ಅವನ ಪುಟ ತೆರೆದೆ. 'ತಂದೆ ಇದ್ದಾರೆ' ಎಂಬುದರ ಪಕ್ಕದ ಗುರುತನ್ನು ತೆಗೆದು ಸೇವ್ ಮಾಡಿದೆ. ತಟ್ಟೆ ಚಾಚಿ ಇನ್ನೊಂಚೂರು ಹಾಕು ಎಂದ ಮನುಷ್ಯ ನನ್ನ ಕಣ್ಣ ಮುಂದೆಯೇ ಇದ್ದರು. ಅವರನ್ನು ಇಲ್ಲ ಮಾಡಲು ಒಂದು ಕ್ಲಿಕ್ಕು ಸಾಕಾಯಿತು. ಪಟ್ಟಿ ತಾನಾಗಿಯೇ ಹೊಸದಾಯಿತು. ಎಲ್ಲರಿಗಿಂತ ಮೇಲೆ ಅಕ್ಕನ ಫೋಟೋ.

ಕಂಪ್ಯೂಟರ್ ಆರಿಸಿಬಿಡಬೇಕು ಅನ್ನಿಸಿತು. ಆರಿಸಿದ್ದರೂ ಏನಾಗುತ್ತಿತ್ತು? ಆ ವಾರದ ಪಟ್ಟಿ ಅಚ್ಚಾಯಿತು, ಕೆಂಗೇರಿಗೂ ಹೋಯಿತು. ಯಜಮಾನರು ಅದನ್ನು ನೋಡಿ ನಿಜವಾಗಿಯೂ ಸಂತೋಷಪಟ್ಟರು. "ನೋಡಮ್ಮ, ನಿಮ್ಮಕ್ಕನಿಗೆ ಕೂಡಿ ಬಂತು. ದೇವರಿದಾನೆ."

ಭಾನುವಾರ ಬೆಳಿಗ್ಗೆ ಮನೆಗೆ ಫೋನ್ ಬಂತು. ಆ ತಾಯಿ. ಅಮ್ಮ ಎತ್ತಿಕೊಂಡರು. ಸಮಾಧಾನದ ಮಾತೆಲ್ಲ ಆದ ಮೇಲೆ ಆ ಕಡೆಯಿಂದ ಆಕೆ ಹೇಳಿದ್ದನ್ನು ಅಮ್ಮ ಆಮೇಲೆ ನಮಗೆ ಹೇಳಿದರು. "ಅವರಿಗೂ ನಿಮ್ಮ ಹುಡುಗಿ ಇಷ್ಟವಾಗಿದ್ಲು. ಕೊನೇವರೆಗೂ ನನ್ನ ಹತ್ರ ಜಗಳ ಆಡಿದ್ರು. ಈಗ ಅಡ್ಡಿ ಇಲ್ವಲ್ಲಮ್ಮ. ಸಂಜೆ ಬರಲಾ?" ಇಷ್ಟು ಹೇಳಿ ಆಕೆ ಅತ್ತರಂತೆ. ಅಮ್ಮನೂ ಅತ್ತಿದ್ದರು. ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, ಸಂಜೆ ಬರಲಾ ಅಂತ ಕೇಳ್ತಿದಾರೆ ಎಂದು ಅಮ್ಮ ಅಕ್ಕನ ಮುಖ ನೋಡಿದರು. ಅಮ್ಮನ ಮುಖದಲ್ಲಿ ದುಃಖವೂ ಇತ್ತು, ಎಷ್ಟೋ ವರ್ಷಗಳ ಆಸೆಯೂ ಇತ್ತು. ಅಕ್ಕ ಯಾವುದನ್ನು ಬೇಡ ಎಂದಾಳು?

ಅಕ್ಕ ಆಗಲಿ ಎನ್ನುವಂತೆ ಅಮ್ಮನಿಗೆ ತಲೆಯಾಡಿಸಿದಳು.

ಅಡುಗೆಮನೆಯಲ್ಲಿ ನಾವಿಬ್ಬರೇ ಆದಾಗ ನಾನು ತಡೆಯಲಾರದೆ ಹೇಳಿದೆ. "ಬೇಡ ಅನ್ನಿಸಿದ್ರೆ ಬೇಡ ಅನ್ನು ಅಕ್ಕ. ನಾನ್ ಮಾತಾಡ್ತೀನಿ."

"ಬೇಡ ಅಂದ್ರೆ ನಿನ್ ಕಂಪ್ಯೂಟ್ರು ಇನ್ನ್ಯಾರನ್ನ ಕೊಡತ್ತೆ?" ಎಂದಳು. ಸಿಟ್ಟಿನಿಂದಲ್ಲ, ಕೇಳಿದಳು, ಅಷ್ಟೇ. ಅವಳೇ ಮತ್ತೆ ಮಾತಾಡಿದಳು. "ಆ ಮನೇಲಿ ನನ್ನ ಬೇಕು ಅಂದೋರು ಅವರೊಬ್ರೇ ಕಣೇ."

ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡು, ಸಂಜೆಗೆ ರವೆ ಇದೆಯಾ ನೋಡು ಎಂದಳು. ನಾನು ಡಬ್ಬಿ ತೆರೆದೆ. ರವೆ ಇತ್ತು.